ಹತ್ತೊಂಬತ್ತು ಮಂದಿ ಗೈರುಹಾಜರು

ಇಂದಿನ ಸಮಾರಂಭದ ಅಧ್ಯಕ್ಷರೂ ಕಲ್ಲುಖಣಿ ಮಾಲೀಕರ ಸಂಘದ ಮುಖ್ಯಸ್ಥರೂ ಆದ ದೇವಾನಂದ ಸಾಹೇಬರೇ, ನಮ್ಮ ತರಬೇತಿ ಕೇಂದ್ರದ ಪ್ರಾಚಾರ್ಯರಾದ ರೇವಣಸಿದ್ದ ಸರ್ ಅವರೇ, ನಮಗೆ ವರ್ಚುವಲ್ ಖಣಿಯನ್ನು ಕಟ್ಟಿಕೊಟ್ಟ ಕಂಪನಿಯ ನಿರ್ದೇಶಕರೇ, ಅದರ ವಿನ್ಯಾಸ ಮಾಡಿದ ಸಾನಿಯಾ ಅವರೇ, ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆಯಿಂದ ದಯಮಾಡಿಸಿರುವ ಮಾಲೀಕರೇ, ಇಂದು ಸುರಕ್ಷತಾ ಕಾರ್ಡು ಪಡೆದ ನಲವತ್ತೊಂದು ಮಂದಿ ಕೆಲಸಗಾರರೇ, ಹಿಂದಿನ ಸಾಲಿನಲ್ಲಿ ಊಟದ ವಾಸನೆಗೆ ಆಗಲೇ ಅರ್ಧ ಎದ್ದು ನಿಂತಿರುವ ಸಭಿಕರೇ,

ಕುಂದ್ರಿ. ದಯವಿಟ್ಟು ಕುಂದ್ರಿ. ಅನ್ನ ಎಲ್ಲಿಗೂ ಓಡಿ ಹೋಗುವುದಿಲ್ಲ.

ನನ್ನ ಪಾಲಿಗೆ ಬಂದಿರುವುದು ವಂದನಾರ್ಪಣೆ. ಆಮಂತ್ರಣ ಪತ್ರಿಕೆಯ ಕಟ್ಟಕಡೆಯ ಸಾಲಿನಲ್ಲಿ, ರಾಷ್ಟ್ರಗೀತೆಗಿಂತ ಒಂದು ಸಾಲು ಮೇಲೆ, ‘ವಂದನಾರ್ಪಣೆ: ಶ್ರೀಮತಿ ರಾಧಿಕಾ, ಹಿರಿಯ ಬೋಧಕಿ’ ಎಂದಿದೆ. ಇಪ್ಪತ್ತೆರಡು ವರ್ಷಗಳಿಂದ ಈ ಕೇಂದ್ರದ ಪ್ರತಿ ಕಾರ್ಯಕ್ರಮದಲ್ಲೂ ನನಗೆ ಸಿಕ್ಕಿರುವುದು ಇದೇ ಕೆಲಸ. ಎರಡು ನಿಮಿಷ ಎಂದಿದ್ದಾರೆ. ವಂದನೆ ಹೇಳುವವರ ಮಾತನ್ನು ಯಾರೂ ಕೇಳುವುದಿಲ್ಲವೆಂಬ ಧೈರ್ಯದ ಮೇಲೆಯೇ ನನ್ನನ್ನು ಇಲ್ಲಿ ನಿಲ್ಲಿಸುತ್ತಾರೆ. ಇವತ್ತು ಸ್ವಲ್ಪ ಕೇಳಬೇಕು.

ಮೊದಲಿಗೆ ಅಧ್ಯಕ್ಷರಿಗೆ ವಂದನೆ. ಮುಂದಿನ ಒಂದನೇ ತಾರೀಖಿನಿಂದ ಕಾರ್ಡಿಲ್ಲದ ಒಬ್ಬ ಕೆಲಸಗಾರನನ್ನೂ ಖಣಿಯೊಳಗೆ ಬಿಡುವುದಿಲ್ಲ ಎಂದು ಈಗ ತಾನೇ ಘೋಷಿಸಿದರು. ಚಪ್ಪಾಳೆ ಬಿತ್ತು. ಎರಡನೆಯದಾಗಿ ನಿರ್ದೇಶಕರಿಗೆ ವಂದನೆ. ‘ಬಳಕೆದಾರರ ಅಗತ್ಯವೇ ನಮ್ಮ ವಿನ್ಯಾಸದ ತಳಪಾಯ’ ಎಂದು ಹೇಳಿದರು. ಅದಕ್ಕೂ ಚಪ್ಪಾಳೆ ಬಿತ್ತು. ಮೂರನೆಯದಾಗಿ ಪ್ರಾಚಾರ್ಯರಿಗೆ ವಂದನೆ. ‘ನೂರಕ್ಕೆ ನೂರು ಫಲಿತಾಂಶ, ಪರೀಕ್ಷೆಗೆ ಹಾಜರಾದ ನಲವತ್ತೊಂದು ಮಂದಿಯೂ ಉತ್ತೀರ್ಣರು’ ಎಂದರು. ಆಗ ಬಿದ್ದ ಚಪ್ಪಾಳೆ ಎಲ್ಲಕ್ಕಿಂತ ಜೋರು. ನಾನೂ ತಟ್ಟಿದೆ. ತಟ್ಟಿದ ಮೇಲೆ ನನ್ನ ಕೈ ನನಗೇ ಬೇಡವಾಯಿತು.

ಹಾಜರಾದವರು ನಲವತ್ತೊಂದು ಮಂದಿ ಅಲ್ಲ. ಅರವತ್ತು.

ಹೌದು ಸರ್, ನೀವು ನೋಡುತ್ತಿರುವುದು ನನಗೆ ಕಾಣುತ್ತಿದೆ. ಚೀಟಿ ಕಳಿಸಬೇಡಿ, ಮುಗಿಸುತ್ತೇನೆ.

ಈ ವರ್ಚುವಲ್ ಖಣಿ ಎಂದರೇನೆಂದು ಇಲ್ಲಿರುವ ಅರ್ಧ ಮಂದಿಗೆ ತಿಳಿಯದು. ತಿಳಿದವರಂತೆ ತಲೆ ಆಡಿಸಿದ್ದೀರಿ, ನಾನು ನೋಡಿದ್ದೇನೆ. ಕಣ್ಣಿಗೆ ಒಂದು ಡಬ್ಬಿ ಕಟ್ಟುತ್ತಾರೆ. ಎರಡು ಕೈಗೂ ಎರಡು ಗುಂಡಿ ಇರುವ ಹಿಡಿಕೆ ಕೊಡುತ್ತಾರೆ. ಕೋಣೆಯಲ್ಲಿ ನಿಂತಿದ್ದರೂ ಖಣಿಯಲ್ಲಿ ನಿಂತಂತೆ ಕಾಣುತ್ತದೆ. ಎಡಕ್ಕೆ ತಿರುಗಿದರೆ ಎಡಗಡೆಯ ಬಂಡೆ, ಕೆಳಗೆ ನೋಡಿದರೆ ಆಳ. ಕಾಲು ಜಾರಿದರೂ ಜೀವ ಹೋಗುವುದಿಲ್ಲ, ತಪ್ಪು ಮಾಡಿ ಕಲಿಯಬಹುದು. ವಿಚಾರ ಒಳ್ಳೆಯದು, ನಾನು ಅದಕ್ಕೆ ವಿರೋಧಿಯಲ್ಲ. ಖಣಿಯಲ್ಲಿ ಬಿದ್ದು ಸೊಂಟ ಮುರಿದವರನ್ನು ಕಂಡು ಬೆಳೆದವಳು ನಾನು.

ಆದರೆ ಯಾರ ಖಣಿ ಅದು? ಅದನ್ನೇ ಕೇಳುತ್ತೇನೆ. ಯಾರ ಖಣಿ?

ಆ ಖಣಿಯ ದಂಡೆಯಲ್ಲಿ ಸೂಜಿಯಂಥ ಎಲೆಯ ಎತ್ತರದ ಮರಗಳಿವೆ. ಅಂಥ ಮರವನ್ನು ನಾನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದೇನೆ. ಕೆಲಸಗಾರರೆಲ್ಲ ಆರಡಿ ಎತ್ತರ, ತೊಳೆದಿಟ್ಟಂಥ ಮುಖ, ನೀಲಿ ಪ್ಯಾಂಟು. ಒಬ್ಬಳೂ ಹೆಂಗಸಿಲ್ಲ. ನಮ್ಮ ಕಡೆಯ ಖಣಿಗಳಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪದರು ಎಬ್ಬಿಸುವವರಲ್ಲಿ, ಎತ್ತುವವರಲ್ಲಿ, ಹೊರುವವರಲ್ಲಿ ಎಷ್ಟು ಹೆಂಗಸರಿದ್ದಾರೆ ಎಂದು ಮಾಲೀಕರಿಗೆ ಗೊತ್ತಿಲ್ಲವೇ? ಹೆಡ್‌ಸೆಟ್ಟಿನ ಪಟ್ಟಿ ಬಿಗಿಯಬೇಕಾದರೆ ತುರುಬು ಬಿಚ್ಚಬೇಕು. ಹತ್ತು ಗಂಡಸರು ನಿಂತಿರುವ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸರು ಕೂದಲು ಬಿಚ್ಚಿ ನಿಂತರು. ಅವರ ಮುಖ ನೀವು ನೋಡಬೇಕಿತ್ತು.

ಭಂಕೂರಿನ ಲಾಲಮ್ಮ ಮೊದಲು ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು, ನನ್ನ ತಾಯಿಯ ಜೊತೆ ಒಂದೇ ಖಣಿಯಲ್ಲಿ ದುಡಿದವಳು, ನಾನು ಚಿಗವ್ವ ಎಂದು ಕರೆಯುವವಳು. ಡಬ್ಬಿ ಕಟ್ಟಿದ ಕೂಡಲೇ ತನ್ನ ಕೈ ಮುಂದೆ ಹಿಡಿದು ನೋಡಿಕೊಂಡಳು. ಅಲ್ಲಿ ಕಂಡದ್ದು ಕೈಗವಸು ಹಾಕಿದ ಗಂಡಸಿನ ಕೈ.

“ಇವು ಯಾರ ಕೈ ಮೇಡಂ?” ಎಂದಳು.

“ನಿಮ್ಮವೇ” ಎಂದೆ.

“ನನ್ನ ಹಸಿರು ಬಳಿ ಎಲ್ಲಿ ಹೋದ್ವು?”

ಅಷ್ಟರಲ್ಲಿ ಒಳಗಿನ ದನಿ ಶುರುವಾಯಿತು. ‘ದಯವಿಟ್ಟು ನಿಗದಿತ ಮಾರ್ಗದಲ್ಲಿ ಮುಂದಕ್ಕೆ ಚಲಿಸಿ. ಅಪಾಯಕಾರಿ ವಲಯವನ್ನು ಪ್ರವೇಶಿಸದಿರಿ.’ ಲಾಲಮ್ಮ ಆ ಕಡೆ ಈ ಕಡೆ ತಿರುಗಿದಳು. “ಯಾರ ಇಕಿ? ಟಿವಿದಾಗ ಸುದ್ದಿ ಓದಾಕಿ ಖಣಿಗಿ ಯಾಕ ಬಂದಾಳ?” ಎಂದಳು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನೀವೂ ನಗುತ್ತಿದ್ದೀರಿ. ನಗುವಂಥದ್ದೇ. ಆದರೆ ಸಭಿಕರೇ, ಆ ಹೆಂಗಸಿಗೆ ಅದು ಅನ್ನದ ಪರೀಕ್ಷೆ. ಪಾಸಾದರೆ ಖಣಿ, ಇಲ್ಲದಿದ್ದರೆ ಮನೆ. ಮೂವತ್ತೆಂಟು ವರ್ಷ ಕಲ್ಲು ಎಬ್ಬಿಸಿದವಳಿಗೆ, ನಿನಗೆ ಖಣಿಯಲ್ಲಿ ಹೆಜ್ಜೆ ಇಡಲು ಬರುತ್ತದೋ ಇಲ್ಲವೋ ಎಂದು ಕೇಳುವ ಪರೀಕ್ಷೆ. ಕೇಳಿದವರು ಯಾರು? ಒಂದು ದಿನವೂ ಕಲ್ಲು ಮುಟ್ಟದವರು. ನನ್ನ ಮೈ ಉರಿಯುತ್ತದೆ.

ಪರೀಕ್ಷೆಯ ಮುಖ್ಯ ಭಾಗ ಇಷ್ಟು. ಎದುರಿಗೆ ಒಂದು ದೊಡ್ಡ ಪದರು ಕಲ್ಲು ಕಾಣುತ್ತದೆ. ಅದರ ಮೇಲೆ ಮೂರು ಹೆಜ್ಜೆ ನಡೆದು, ಬಲಕ್ಕೆ ತಿರುಗಿ, ಕೈ ಎತ್ತಿ ಸಂಜ್ಞೆ ಕೊಡಬೇಕು. ನಲವತ್ತೈದು ಸೆಕೆಂಡು ಸಮಯ. ಲಾಲಮ್ಮ ಕಲ್ಲಿನ ತುದಿಯವರೆಗೆ ಬಂದು ನಿಂತಳು. ಕುಕ್ಕರಗಾಲಲ್ಲಿ ಕುಳಿತಳು. ಕೈಯಲ್ಲಿದ್ದ ಹಿಡಿಕೆಯನ್ನೇ ಸುತ್ತಿಗೆ ಮಾಡಿಕೊಂಡು ಕಲ್ಲನ್ನು ತಟ್ಟಿದಳು. ಕೈ ಕಲ್ಲಿನೊಳಗೆ ಹೋಯಿತು, ಸದ್ದು ಬರಲಿಲ್ಲ. ಮತ್ತೆ ತಟ್ಟಿದಳು. ಆಮೇಲೆ ಅಂಗೈ ಊರಿ, ಬಾಗಿ, ನೆಲಕ್ಕೆ ಕಿವಿ ಕೊಟ್ಟಳು. ಪರದೆಯ ಮೇಲೆ ಕೆಂಪು ಅಕ್ಷರ ಬಂತು: ‘ಅಸುರಕ್ಷಿತ ಭಂಗಿ.’

ಲಾಲಮ್ಮ ಎದ್ದು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. “ಈ ಕಲ್ಲು ಸತ್ತಾದ. ಇದರ ಮ್ಯಾಲ ನಾ ಕಾಲಿಡಂಗಿಲ್ಲ” ಎಂದಳು.

ನಾನು ಅಂದೆ: “ಚಿಗವ್ವ, ಇದು ಖರೇ ಕಲ್ಲಲ್ಲ, ಬರೇ ಚಿತ್ರ. ಇಡು, ಏನೂ ಆಗಂಗಿಲ್ಲ.”

ಅದಕ್ಕೆ ಆಕೆ ಏನೆಂದಳು ಗೊತ್ತೇ? “ಚಿತ್ರ ಇದ್ರ ಯಾಕ ಇಡಬೇಕ್ರಿ ಮೇಡಂ? ಖರೇ ಅಂತ ತಿಳಕೊಂಡು ಮಾಡ್ರಿ ಅಂತ ನೀವೇ ಹೇಳಿದ್ರಿ. ಖರೇ ಅಂತ ತಿಳಕೊಂಡೇ ಇಡಲಿಕತ್ತಿಲ್ಲ.”

ನಿರ್ದೇಶಕರೇ, ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ಊಟದ ಹೊತ್ತಿನಲ್ಲಿ ನನಗೆ ಹೇಳಿ.

ಸಮಯ ಮುಗಿಯಿತು. ‘ಅನುತ್ತೀರ್ಣ’ ಎಂದು ಪರದೆ ಹೇಳಿತು. ಅವಳ ಹಿಂದೆ ಭಂಕೂರಿನ ಮತ್ತೆ ಹದಿನೆಂಟು ಮಂದಿ ಹೆಂಗಸರು ಬಂದರು. ತುಳಜಾಬಾಯಿ ಬಂದಳು, ಕುಳಿತಳು, ತಟ್ಟಿದಳು, ಕಿವಿ ಕೊಟ್ಟಳು, ಹಿಂದೆ ಸರಿದಳು. ಮುಂದಿನವಳೂ ಅದನ್ನೇ ಮಾಡಿದಳು. ಹೊರಗಡೆ ಒಬ್ಬರಿಗೊಬ್ಬರು ಹೇಳಿಕೊಟ್ಟಿರಬೇಕು ಎಂದು ನನಗೆ ಅನುಮಾನ ಬಂತು. ಬಾಗಿಲು ಹಾಕಿಸಿದೆ. ಮಾತಾಡಬಾರದು ಎಂದೆ. ಆದರೂ ಹತ್ತೊಂಬತ್ತು ಮಂದಿಯಲ್ಲಿ ಒಬ್ಬಳೂ ಆ ಕಲ್ಲಿನ ಮೇಲೆ ಕಾಲಿಡಲಿಲ್ಲ.

ಪಾಸಾದ ನಲವತ್ತೊಂದು ಮಂದಿ ಯಾರು? ಬೇಜಾರು ಮಾಡಿಕೊಳ್ಳಬೇಡಿ ತಮ್ಮಂದಿರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಪಾಲಿಶ್ ಮಷೀನಿನವರು, ಕಟಿಂಗ್ ಮಷೀನಿನವರು, ಟ್ರ್ಯಾಕ್ಟರಿನವರು. ಖಣಿಯ ಪದರಿನ ಮೇಲೆ ನಿಂತು ಕೆಲಸ ಮಾಡಿದವರಲ್ಲ. ನಡೆ ಎಂದರು, ನಡೆದಿರಿ. ಮೊಬೈಲಿನಲ್ಲಿ ಆಟ ಆಡಿದ ಕೈ, ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸಿದಿರಿ.

ಈಗ ಕಲ್ಲಿನ ವಿಷಯ ಹೇಳುತ್ತೇನೆ. ಮಾಲೀಕರಿಗೆ ಗೊತ್ತಿರಬೇಕು, ಗೊತ್ತಿಲ್ಲದಿದ್ದರೆ ನಾಚಿಕೆಯಾಗಬೇಕು. ನಮ್ಮ ಫರ್ಸಿ ಕಲ್ಲು ನೆಲದೊಳಗೆ ಒಂದರ ಮೇಲೊಂದು ರೊಟ್ಟಿ ಪೇರಿಸಿದ ಹಾಗೆ ಮಲಗಿರುತ್ತದೆ. ಮೇಲಿನ ಪದರು ತಳಕ್ಕೆ ಹತ್ತಿಕೊಂಡಿದ್ದರೆ ತಟ್ಟಿದಾಗ ಟಣ್ ಎನ್ನುತ್ತದೆ. ತಳ ಬಿಟ್ಟಿದ್ದರೆ ಡಬ್ ಎನ್ನುತ್ತದೆ, ಹುಷಾರಾಗಬೇಕು. ನೀರು ಇಳಿದು ತಳದಲ್ಲಿ ಹಸಿಮಣ್ಣು ಕೂತಿದ್ದರೆ ಏನೂ ಅನ್ನುವುದಿಲ್ಲ. ಅದು ಎಲ್ಲಕ್ಕಿಂತ ಕೆಟ್ಟದ್ದು. ಅಂಥ ಕಲ್ಲು ಮೇಲೆ ನಿಂತವರನ್ನು ಹೊತ್ತುಕೊಂಡೇ ಜಾರುತ್ತದೆ. ಅದಕ್ಕೆ ಸತ್ತ ಕಲ್ಲು ಎಂದು ಹೆಸರು. ಕಂಪನಿಯವರು ಮರ ಬರೆದರು, ಮೋಡ ಬರೆದರು, ಮೋಡದ ನೆರಳು ಕೂಡ ಓಡಾಡುವಂತೆ ಮಾಡಿದರು. ಕಲ್ಲಿಗೆ ದನಿ ಕೊಡಲಿಲ್ಲ. ಹೀಗಾಗಿ ನಿಮ್ಮ ಖಣಿಯ ಕಲ್ಲುಗಳೆಲ್ಲ ಸತ್ತ ಕಲ್ಲುಗಳೇ. ಅದರ ಮೇಲೆ ಕಾಲಿಟ್ಟವರಿಗೆ ಕಾರ್ಡು! ಕಾಲಿಡದವರು ಫೇಲು! ಇದನ್ನು ಸುರಕ್ಷತೆ ಎಂದು ಕರೆಯಲು ನಿಮಗೆ ಬಾಯಿ ಹೇಗೆ ಬಂತು?

ಸ್ವಲ್ಪ ನೀರು ಕೊಡಿ.

ಧನ್ಯವಾದ. ನೀರು ಕೊಟ್ಟವರಿಗೂ ವಂದನೆ.

ನಿರ್ದೇಶಕರು ತಮ್ಮ ಭಾಷಣದಲ್ಲಿ ವರದಿಯೊಂದನ್ನು ಎತ್ತಿ ತೋರಿಸಿದರು. ‘ಬಳಕೆದಾರರ ಅಗತ್ಯಗಳ ಸಮೀಕ್ಷೆ, ಅರವತ್ನಾಲ್ಕು ಪುಟ.’ ದಪ್ಪಗಿದೆ. ಅದನ್ನು ನೋಡಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಳಕೆದಾರರು ಯಾರು? ಲಾಲಮ್ಮ. ಲಾಲಮ್ಮನನ್ನು ಯಾರು ಕೇಳಿದರು? ತುಳಜಾಬಾಯಿಯನ್ನು ಯಾರು ಕೇಳಿದರು? ಖಣಿಯವರೆಗೆ ಹೋಗಿ ಒಂದು ತಾಸು ಬಿಸಿಲಲ್ಲಿ ನಿಂತು, ಅವ್ವಾ ನೀವು ಏನು ಮಾಡುತ್ತೀರಿ, ಯಾಕೆ ಮಾಡುತ್ತೀರಿ ಎಂದು ಒಬ್ಬರಾದರೂ ಕೇಳಿದರೇ? ಇಲ್ಲ! ಇಪ್ಪತ್ತೇಳನೆಯ ಪ್ರಶ್ನೆಗೆ, ‘ಕೆಲಸ ಆರಂಭಿಸುವ ಮುನ್ನ ಕೆಲಸಗಾರರು ಕಲ್ಲಿನ ಬಳಿ ಏನು ಮಾಡುತ್ತಾರೆ’ ಎಂಬ ಪ್ರಶ್ನೆಗೆ, ‘ವಿಶೇಷವೇನೂ ಇಲ್ಲ’ ಎಂದು ಉತ್ತರ ಬರೆದಿದ್ದಾರೆ. ಏನೂ ಇಲ್ಲವಂತೆ! ಯಾವ ಕುರುಡರು ಈ ಉತ್ತರ ಕೊಟ್ಟರು?

ಸಾನಿಯಾ ಅವರು ತಲೆ ತಗ್ಗಿಸಿದ್ದಾರೆ. ತಗ್ಗಿಸಬೇಡಮ್ಮ. ತಲೆ ಎತ್ತು.

ಉತ್ತರ ಕೊಟ್ಟವರ ಹೆಸರು ಹನ್ನೊಂದನೆಯ ಪುಟದಲ್ಲಿದೆ. ಇದನ್ನು ಹೇಳಬೇಕೆಂದು ನಾನು ಮನೆಯಿಂದ ಹೊರಟಿರಲಿಲ್ಲ. ಬರೆದುಕೊಂಡ ಕಾಗದದಲ್ಲೂ ಇಲ್ಲ. ಆದರೆ ಪುಟದ ಲೆಕ್ಕ ಹೇಳಿಬಿಟ್ಟೆ, ಮನೆಗೆ ಹೋಗಿ ಯಾರಾದರೂ ತೆಗೆದು ನೋಡಿಯೇ ನೋಡುತ್ತಾರೆ. ಆ ಹೆಸರು ನನ್ನದು.

ಸಾನಿಯಾ ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ ಕಲಬುರಗಿಯಿಂದ ನೋಟುಬುಕ್ಕು ಹಿಡಿದು ಬಂದಳು. “ಮೇಡಂ, ನನಗ ಖಣಿಗಿ ಕರ್ಕೊಂಡು ಹೋಗ್ರಿ, ಅವರ ಜೋಡಿ ಮಾತಾಡಬೇಕು” ಎಂದಳು. ನಾನೇ ಬೇಡ ಎಂದೆ. “ಬಿಸಲು ಭಾಳ ಅದ. ಅವರಿಗಿ ಹೇಳಾಕ ಬರಂಗಿಲ್ಲ. ನಾ ಅಲ್ಲೇ ಹುಟ್ಟಿ ಬೆಳೆದಾಕಿ, ನನಗ ಎಲ್ಲಾ ಗೊತ್ತದ, ನನ್ನ ಕೇಳು” ಎಂದೆ. ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತು, ಮೂರು ಸಲ ಚಹಾ ತರಿಸಿ, ಎಂಬತ್ತನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಟ್ಟೆ. ನನ್ನ ಒಂದೊಂದು ಮಾತನ್ನೂ ಒಬ್ಬರು ಬರೆದುಕೊಳ್ಳುತ್ತಿದ್ದುದು ನನ್ನ ಜನ್ಮದಲ್ಲಿ ಅದೇ ಮೊದಲು. ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ, ಭಾಳ ಖುಷಿಯಾಗಿತ್ತು.

ಇಪ್ಪತ್ತೇಳನೆಯ ಪ್ರಶ್ನೆ ಬಂದಾಗ ಕಲ್ಲಿಗೆ ಕಿವಿ ಕೊಡುವುದು ನನಗೆ ನೆನಪಾಗಲಿಲ್ಲವೇ? ಆಯಿತು. ಥಟ್ಟನೆ ನೆನಪಾಯಿತು. ನೆನಪಾದದ್ದಕ್ಕೇ ಏನೂ ಇಲ್ಲ ಎಂದೆ.

ನನ್ನ ತಾಯಿ ಅನಸುಬಾಯಿ ಈಗಿಲ್ಲ. ನಾನು ಒಂಬತ್ತನೇ ಇಯತ್ತೆ ಓದುವಾಗ ಒಂದು ಶನಿವಾರ ಮಧ್ಯಾಹ್ನ ಅವಳಿಗೆ ಬುತ್ತಿ ಕೊಡಲು ಖಣಿಗೆ ಹೋದೆ. ಶಾಲೆಯ ಗೆಳತಿಯೊಬ್ಬಳು ಜೊತೆಗೆ ಬಂದಿದ್ದಳು. ನಾವು ಹೋದಾಗ ಅವ್ವ ಮೊಣಕಾಲೂರಿ, ಬಾಗಿ, ಹಣೆ ನೆಲಕ್ಕೆ ತಾಗುವ ಹಾಗೆ ಕಲ್ಲಿಗೆ ಕಿವಿ ಕೊಟ್ಟಿದ್ದಳು. ಗೆಳತಿ ಕಿಸಕ್ಕನೆ ನಕ್ಕಳು. “ನಿಮ್ಮವ್ವ ಕಲ್ಲಿಗಿ ಅಡ್ಡ ಬಿದ್ದಾಳ ನೋಡು” ಎಂದಳು. ಸೋಮವಾರ ಇಡೀ ವರ್ಗಕ್ಕೆ ಗೊತ್ತಾಗಿತ್ತು. ನಮ್ಮದು ಬುದ್ಧವಿಹಾರಕ್ಕೆ ನಡೆದುಕೊಳ್ಳುವ ಮನೆ. ಕಲ್ಲಿಗೆ ಕೈ ಮುಗಿಯಬಾರದು, ಯಾರ ಮುಂದೆಯೂ ಬಾಗಬಾರದು, ಓದಬೇಕು ಎಂದು ಹೇಳಿಸಿಕೊಂಡು ಬೆಳೆದ ಹುಡುಗಿ ನಾನು. ಆ ದಿನ ಸಂಜೆ ಅವ್ವನ ಮೇಲೆ ಹರಿಹಾಯ್ದೆ. “ಕಲ್ಲಿಗಿ ಅಡ್ಡ ಬೀಳ್ತಿ, ನಾಚಿಕಿ ಆಗಂಗಿಲ್ಲ ನಿನಗ?” ಎಂದು ಕೂಗಾಡಿದೆ.

ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಅಡ್ಡ ಬೀಳಲಿಕತ್ತಿಲ್ಲ ಮಗಳಾ, ಕೇಳಲಿಕತ್ತಿದ್ದೆ” ಎಂದಳು. ಮರುದಿನ ನನ್ನನ್ನು ಕರೆದುಕೊಂಡು ಹೋಗಿ ಕಲ್ಲಿಗೆ ಕಿವಿ ಇಡಿಸಿದಳು. ಟಣ್ ಅನ್ನುವುದು, ಡಬ್ ಅನ್ನುವುದು, ಏನೂ ಅನ್ನದಿರುವುದು, ಮೂರನ್ನೂ ಕೇಳಿಸಿದಳು. ನಾನು ಕೇಳಿದೆ. ಕಲಿತೆ. ಆದರೆ ಆ ಗೆಳತಿಯ ನಗು ನನ್ನ ಕಿವಿಯಿಂದ ಹೋಗಲಿಲ್ಲ. ಮೂವತ್ತು ವರ್ಷದ ಮೇಲೆ, ಕಲಬುರಗಿಯಿಂದ ಬಂದ ಸ್ವಚ್ಛ ಬಟ್ಟೆಯ ಹುಡುಗಿಯ ಮುಂದೆ, ನಮ್ಮ ಹೆಂಗಸರು ಕಲ್ಲಿನ ಮುಂದೆ ಮೊಣಕಾಲೂರುತ್ತಾರೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ಹೀಗಾಗಿ ಕಲ್ಲು ಮೂಕವಾಯಿತು. ಕಂಪನಿಯವರು ಮಾಡಿದ್ದಲ್ಲ, ನಾನು ಮಾಡಿದ್ದು.

ಹಾಗೆಂದು ಕಂಪನಿಯವರನ್ನು ಬಿಡುತ್ತೇನೆಂದು ತಿಳಿಯಬೇಡಿ. ಒಬ್ಬಳ ಮಾತು ಕೇಳಿ ಅರವತ್ತು ಮಂದಿಯ ಲೋಕ ಕಟ್ಟಿದಿರಿ. ಚಹಾ ಕೊಟ್ಟವಳು ಹೇಳಿದ್ದೆಲ್ಲ ಖರೇ ಎಂದು ನಂಬಿದಿರಿ. ಎಂಬತ್ತನಾಲ್ಕು ಪ್ರಶ್ನೆ ಕೇಳುವ ಬದಲು ಅರ್ಧ ದಿನ ಖಣಿಯ ದಂಡೆಯ ಮೇಲೆ ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಕಂಪನಿಯ ಪಾಲು ಕಂಪನಿಗೆ, ನನ್ನ ಪಾಲು ನನಗೆ.

ಪ್ರಾಚಾರ್ಯರ ಪಾಲೂ ಇದೆ. ಹತ್ತೊಂಬತ್ತು ಮಂದಿ ಫೇಲಾದ ದಿನ ಸಂಜೆ ಸರ್ ಫೋನು ಮಾಡಿದರು. “ಮೇಡಂ, ಶುರುವಿನಾಗೇ ಇಷ್ಟು ಮಂದಿ ಫೇಲ್ ಅಂದ್ರ ಕೇಂದ್ರದ ಹೆಸರು ಏನಾಗಬೇಕು? ಗೈರುಹಾಜರಿ ಅಂತ ಹಾಕ್ರಿ, ಮುಗೀತು” ಎಂದರು. ಫೇಲಾದವರು ತಿಂಗಳೊಳಗೆ ಮತ್ತೆ ಪರೀಕ್ಷೆ ಬರೆಯಬಹುದು. ಗೈರುಹಾಜರಾದವರಿಗೆ ಒಂದು ವರ್ಷ ಅವಕಾಶವಿಲ್ಲ. ಆ ನಿಯಮ ಸರ್‌ಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಗೊತ್ತಿತ್ತು. ನಿಯಮದ ಪುಸ್ತಕ ಟೈಪು ಮಾಡಿದವಳೇ ನಾನು. ಹತ್ತೊಂಬತ್ತು ಹೆಬ್ಬೆಟ್ಟಿನ ಗುರುತುಗಳ ಮೇಲೆ ಕೆಂಪು ಶಾಯಿಯಲ್ಲಿ ಗೈ, ಗೈ, ಗೈ ಎಂದು ಬರೆದೆ. ಗುಂಡಗೆ ಬರೆದೆ.

ಮಾಲೀಕರಲ್ಲಿ ಕೆಲವರು ಒಂದನೇ ತಾರೀಖಿನವರೆಗೂ ಕಾಯಲಿಲ್ಲ. ಫಲಿತಾಂಶದ ಪಟ್ಟಿ ಹೊರಬಿದ್ದ ದಿನವೇ ಲಾಲಮ್ಮನನ್ನು ಬಿಡಿಸಿದರು. ಮೂವತ್ತೆಂಟು ವರ್ಷದ ಕೆಲಸ, ಒಂದು ಅಕ್ಷರಕ್ಕೆ ಹೋಯಿತು. ಈಗ ಅವಳು ಭಂಕೂರಿನ ರಸ್ತೆ ಬದಿಯ, ಕಲ್ಲು ಪುಡಿ ಮಾಡುವ ಕ್ರಷರಿನಲ್ಲಿ ಪುಟ್ಟಿ ತುಂಬ ಜಲ್ಲಿ ಖಡಿ ಹೊರುತ್ತಿದ್ದಾಳೆ. ಅಲ್ಲಿ ಕಾರ್ಡು ಕೇಳುವುದಿಲ್ಲ. ಮೂಗಿಗೆ ಕಟ್ಟಿಕೊಳ್ಳಲು ಒಂದು ಅರಿವೆ ತುಂಡನ್ನೂ ಕೊಡುವುದಿಲ್ಲ.

ಇನ್ನೊಂದು ಮಾತಿದೆ. ಅದನ್ನು ಹೇಳಿದರೆ ನನ್ನ ವಂದನಾರ್ಪಣೆ ಮುಗಿಯುತ್ತದೆ.

ನನ್ನ ಬೆನ್ನ ಹಿಂದಿನ ಫ್ಲೆಕ್ಸಿನಲ್ಲಿ ‘ಸುರಕ್ಷತೆಯೇ ಮೊದಲು’ ಎಂಬ ಬರಹದ ಕೆಳಗೆ ನನ್ನ ಫೋಟೋ ಇದೆ. ಹಳದಿ ಹೆಲ್ಮೆಟ್ಟು, ಕಲ್ಲಿನ ಮೇಲೆ ನಿಂತು ಕೈ ಎತ್ತಿದ್ದೇನೆ, ನಗುತ್ತಿದ್ದೇನೆ. ಅದು ಡಬ್ಬಿಯೊಳಗಿನ ಖಣಿಯಲ್ಲ, ಖರೇ ಖಣಿ. ಒಂಬತ್ತು ದಿನದ ಹಿಂದೆ ಕಂಪನಿಯವರು ಫೋಟೋ ಬೇಕೆಂದರು. ಯಂತ್ರದ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದುಕೊಂಡವಳು, ಒಂದನೇ ನಂಬರಿನ ಕಾರ್ಡಿನವಳು ನಾನೇ ಆದ್ದರಿಂದ ನನ್ನನ್ನೇ ನಿಲ್ಲಿಸಿದರು. ಸಾನಿಯಾ ಕೂಡ ಇದ್ದಳು. ಮಳೆ ಬಂದು ಎರಡು ದಿನವಾಗಿತ್ತು. ಎದುರಿಗೆ ಕಲ್ಲು, ಆಚೆಗೆ ನೀರು ತುಂಬಿದ ಹಳೆಯ ಗುಂಡಿ. ನಾನು ಏನು ಮಾಡಬೇಕಿತ್ತು? ಅನಸುಬಾಯಿಯ ಮಗಳು ನಾನು, ಕುಳಿತು ತಟ್ಟಬೇಕಿತ್ತು. ತಟ್ಟಲಿಲ್ಲ. ಡಬ್ಬಿ ಕಟ್ಟಿಕೊಂಡು ಇಪ್ಪತ್ತು ಸಲ ಅಭ್ಯಾಸ ಮಾಡಿದ್ದ ಹಾಗೆ ನೆಟ್ಟಗೆ ಮೂರು ಹೆಜ್ಜೆ ನಡೆದೆ, ಬಲಕ್ಕೆ ತಿರುಗಿದೆ, ಕೈ ಎತ್ತಿದೆ. ಕ್ಯಾಮೆರಾ ಕ್ಲಿಕ್ ಎಂದಿತು.

ಅದೇ ಗಳಿಗೆಯಲ್ಲಿ “ಏ ರಾಧೀ!” ಎಂಬ ಕೂಗು ಕೇಳಿತು. ಯಾರೋ ನನ್ನ ಸೆರಗನ್ನೂ ಜಡೆಯನ್ನೂ ಒಟ್ಟಿಗೆ ಹಿಡಿದು ಜಗ್ಗಿದರು. ನಾನು ಬೆನ್ನಡಿಯಾಗಿ ದಂಡೆಯ ಗರಸು ಮಣ್ಣಿನ ಮೇಲೆ ಬಿದ್ದೆ. ನನ್ನ ಕಣ್ಣೆದುರೇ ಆ ಕಲ್ಲು ಸದ್ದಿಲ್ಲದೆ ಜಾರಿ ಹೋಗಿ ಗುಂಡಿಯ ನೀರಿಗೆ ಬಿತ್ತು. ಅದರ ಮೇಲೆ ನಾನಿದ್ದರೆ ಇವತ್ತು ಈ ಸಭೆ ನನ್ನ ಶ್ರದ್ಧಾಂಜಲಿಯ ಸಭೆ. ವಂದನಾರ್ಪಣೆಗೆ ಬೇರೆ ಯಾರನ್ನಾದರೂ ಹುಡುಕುತ್ತಿದ್ದಿರಿ.

ಜಗ್ಗಿದವಳು ಲಾಲಮ್ಮ. ಖಣಿಯ ಗುಡಿಸಲಿನಲ್ಲಿದ್ದ ತನ್ನ ಸುತ್ತಿಗೆ, ಹಾರೆ ಒಯ್ಯಲು ಬಂದಿದ್ದಳು. ಕೆಲಸ ಹೋದವಳು ಸಾಮಾನು ಒಯ್ಯಬೇಕಲ್ಲ! ನನ್ನ ಬೆನ್ನು ಝಾಡಿಸಿದಳು. ಬೈಯಲಿಲ್ಲ. ಅವಳೇಕೆ ಬೈಯಲಿಲ್ಲ ಎಂದು ನನಗೆ ಈಗಲೂ ಸಿಟ್ಟಿದೆ. “ನಿಮ್ಮವ್ವ ಹೇಳಿಕೊಟ್ಟಿದ್ದಳಲ್ಲ, ಮರ್ತಿ ಏನು?” ಎಂದಷ್ಟೇ ಕೇಳಿದಳು.

ಫೋಟೋ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೇಳಿದಿರಿ. ಮೂಲ ಫೋಟೋದ ಎಡ ಅಂಚಿನಲ್ಲಿ ನನ್ನ ಕಡೆ ಚಾಚಿದ ಒಂದು ಕೈ ಇದೆ. ಹಸಿರು ಬಳೆಯ ಕೈ. ಫ್ಲೆಕ್ಸ್ ಮಾಡುವವರು ಅದು ಅಡ್ಡ ಬರುತ್ತದೆ ಎಂದು ಕತ್ತರಿಸಿದ್ದಾರೆ.

ಒಂಬತ್ತು ದಿನ ನಾನು ಬಾಯಿ ಬಿಡಲಿಲ್ಲ. ನಿನ್ನೆ ಕ್ರಷರಿಗೆ ಹೋಗಿ, “ಚಿಗವ್ವ, ನಾಳಿ ಕಾರ್ಯಕ್ರಮಕ್ಕ ಬಾ, ನಿನ್ನ ಹೆಸರು ಹೇಳ್ತೀನಿ” ಎಂದೆ. ಮುಖದ ತುಂಬ ಬೂದಿಯಂಥ ಧೂಳು ಮೆತ್ತಿಕೊಂಡಿತ್ತು. ಪುಟ್ಟಿ ಇಳಿಸದೆ ನನ್ನನ್ನು ನೋಡಿದಳು. “ನಾ ಹ್ಯಾಂಗ ಬರ್ಲಿ ಮೇಡಂ? ನಾ ಗೈರುಹಾಜರಿ ಅದೀನಲ್ಲ” ಎಂದಳು. ಮತ್ತೆ ಮೇಡಂ ಆಗಿಬಿಟ್ಟೆ ನಾನು.

ಅಧ್ಯಕ್ಷರೇ, ನಿಮ್ಮ ಮುಂದಿರುವ ಅಂತಿಮ ಪಟ್ಟಿಗೆ ನೀವಿನ್ನೂ ಸಹಿ ಹಾಕಿಲ್ಲ. ಅದರ ಕೆಳಗೆ ನನ್ನ ಪತ್ರವಿದೆ, ಬೆಳಿಗ್ಗೆ ಇಟ್ಟದ್ದು. ಪರೀಕ್ಷೆಯ ದಿನ ಹತ್ತೊಂಬತ್ತು ಮಂದಿ ಹಾಜರಿದ್ದರು ಎಂದೂ, ಹಾಜರಿ ಪುಸ್ತಕವನ್ನು ತಿದ್ದಿದವಳು ನಾನು ಎಂದೂ, ಸದ್ದಿಲ್ಲದ ಕಲ್ಲಿನ ಮೇಲೆ ಕಾಲಿಡದೆ ಅವರು ಸರಿಯಾದದ್ದನ್ನೇ ಮಾಡಿದರು ಎಂದೂ, ಅವರಿಗೆ ಕಾರ್ಡು ಕೊಡಬೇಕು ಎಂದೂ ಬರೆದು ಸಹಿ ಮಾಡಿದ್ದೇನೆ. ನನ್ನ ಒಂದನೇ ನಂಬರಿನ ಕಾರ್ಡನ್ನು ಅದಕ್ಕೇ ಪಿನ್ನು ಹಾಕಿದ್ದೇನೆ. ಖಣಿಯಲ್ಲಿ ಹೆಜ್ಜೆ ಇಡಲು ನನಗೆ ಬರುವುದಿಲ್ಲ ಎಂಬುದಕ್ಕೆ ಸಾನಿಯಾ ಸಾಕ್ಷಿ ಹಾಕಿದ್ದಾಳೆ. ನನ್ನ ಮೇಲೆ ಏನು ಕ್ರಮ ಕೈಗೊಳ್ಳುತ್ತೀರೋ ಕೈಗೊಳ್ಳಿ. ಆದರೆ ಊಟಕ್ಕೆ ಮುಂಚೆ ಯಾವ ಕಾಗದಕ್ಕೆ ಸಹಿ ಹಾಕುತ್ತೀರಿ ಎಂಬುದನ್ನು ಈ ಸಭೆ ಕುಳಿತು ನೋಡಲಿ.

ಮೈಕಿನವರಿಗೆ, ಶಾಮಿಯಾನದವರಿಗೆ, ಅಡುಗೆಯವರಿಗೆ ವಂದನೆ. ಎರಡು ನಿಮಿಷವನ್ನು ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ವಂದನೆ. ಭಂಕೂರಿನ ಲಾಲಮ್ಮ ಚಿಗವ್ವನಿಗೆ ನನ್ನ ಜೀವದ ವಂದನೆ. ಅದನ್ನು ಮೈಕಿನಲ್ಲಿ ಹೇಳಿದರೆ ಕ್ರಷರಿನ ಸದ್ದಿನಲ್ಲಿ ಅವಳಿಗೆ ಕೇಳುವುದಿಲ್ಲ. ಇಲ್ಲಿಂದ ನೆಟ್ಟಗೆ ಅಲ್ಲಿಗೇ ಹೋಗುತ್ತೇನೆ. ಮೊದಲು ಅವಳ ತಲೆಯ ಮೇಲಿನ ಪುಟ್ಟಿ ಇಳಿಸುತ್ತೇನೆ, ಆಮೇಲೆ ಹೇಳುತ್ತೇನೆ.

ನಮಸ್ಕಾರ.